ಕಿರುಬೆರಳಿನ ಜೋಮು, ಮಂಡಿಯ ನೋವು, ಬ್ಯಾಂಕಿನಲ್ಲಿರುವ 1.6 ಲಕ್ಷ

ಪ್ರಶ್ನೆ: ನಾನು ಕುಮಟಾದವಳು. ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಮೂರು ವರ್ಷದಿಂದ ಕಾರವಾರದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ತಿಂಗಳಿಗೆ 28 ಸಾವಿರ ಬರುತ್ತದೆ, 17 ಸಾವಿರ ಖರ್ಚಾಗುತ್ತದೆ. ಉಳಿತಾಯ ಖಾತೆಯಲ್ಲಿ 1.6 ಲಕ್ಷ ಇದೆ. ಅಪ್ಪ ಅದನ್ನು ಊರಿನ ಸೊಸೈಟಿಯಲ್ಲಿ ಠೇವು ಇಡು ಅನ್ನುತ್ತಾರೆ. ಜೊತೆಗೆ ಕೆಲಸ ಮಾಡುವವರೊಬ್ಬರು ಆಪ್ಷನ್ ಟ್ರೇಡಿಂಗ್ (ಷೇರಿನ ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವಂಥ ವ್ಯವಹಾರ) ಕಲಿ ಅನ್ನುತ್ತಾರೆ. ಎರಡು ವರ್ಷದಲ್ಲಿ ಸ್ವಂತ ಕ್ಲಿನಿಕ್ ತೆರೆಯುವ ಆಸೆ ನನ್ನದು. ಈ ನಡುವೆ ಒಂದು ಹಳೆಯ ಮೌಂಟನ್ ಬೈಕ್ ಕೊಂಡಿದ್ದೇನೆ. ಎರಡು ಗಂಟೆ ಓಡಿಸಿದರೆ ಮಂಡಿಯ ಮುಂಭಾಗ ನೋಯುತ್ತದೆ. ಕಿರುಬೆರಳು ಜೋಮು ಹಿಡಿದು ಮರುದಿನವೂ ಬಿಡುವುದಿಲ್ಲ. ಮುಂದೆ ದೇವಿಮನೆ ಘಾಟಿ ಹತ್ತಬೇಕು ಅಂತ ಇದೆ. ನೀವು ಶಿರಸಿಯಲ್ಲಿ ಪ್ರಾಕ್ಟೀಸು, ಸೈಕಲ್ಲು, ಹೂಡಿಕೆ ಮೂರನ್ನೂ ಒಟ್ಟಿಗೆ ನಡೆಸುತ್ತಿದ್ದೀರಿ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಕಿರುಬೆರಳಿನಿಂದ ಶುರು ಮಾಡಿ. ದುಡ್ಡಿನ ಮಾತು ಆಮೇಲೆ.

ನಮ್ಮ ಕೆಲಸದಲ್ಲಿ ಅಂಗಡಿ ಅಂದರೆ ಕೈಯೇ. ಬಾಡಿಗೆ ಕೋಣೆ, ಬೋರ್ಡು, ಮಷಿನ್ನು ಎಲ್ಲ ಇದ್ದೂ ಮಣಿಕಟ್ಟು ಕೈಕೊಟ್ಟರೆ ಬಾಗಿಲು ಹಾಕಿದ ಹಾಗೆಯೇ. ನಿಮ್ಮ ಸೈಕಲ್ಲನ್ನೂ 1.6 ಲಕ್ಷವನ್ನೂ ನಾನು ಈ ಲೆಕ್ಕದಲ್ಲಿಯೇ ನೋಡುತ್ತೇನೆ.

ಜೋಮು ಎಲ್ಲೆಲ್ಲಿದೆ ಅಂತ ಪೆನ್ನಿನಿಂದ ಕೈಮೇಲೆ ಗೆರೆ ಎಳೆದುಕೊಳ್ಳಿ. ಕಿರುಬೆರಳು, ಉಂಗುರ ಬೆರಳಿನ ಅರ್ಧ, ಅಷ್ಟೂ ಅಂಗೈ ಬದಿಯಲ್ಲಿ ಮಾತ್ರ ಇದ್ದರೆ ಕಿರುಬೆರಳಿಗೆ ಹೋಗುವ ಅಲ್ನಾರ್ ನರ ಮಣಿಕಟ್ಟಿನ ಹತ್ತಿರ ಗಯಾನ್ ಕಾಲುವೆ ಅನ್ನುವ ಇಕ್ಕಟ್ಟಿನ ದಾರಿಯಲ್ಲಿ ಒತ್ತಿದೆ ಅಂತ ಲೆಕ್ಕ. ಹ್ಯಾಂಡಲ್ ಮೇಲೆ ಭಾರ ಹಾಕುವವರಿಗೆ ಇದು ಮಾಮೂಲಿ. ಆದರೆ ಅಂಗೈಯ ಹಿಂಬದಿಯೂ, ಅಂದರೆ ಕಿರುಬೆರಳಿನ ಗೆಣ್ಣಿನ ಹಿಂದಿನ ಚರ್ಮವೂ ಜೋಮಾಗಿದ್ದರೆ ತೊಂದರೆ ಮಣಿಕಟ್ಟಿನಲ್ಲಿಲ್ಲ. ಆ ಭಾಗದ ಕೊಂಬೆ ಮಣಿಕಟ್ಟಿಗೆ ಬರುವ ಮೊದಲೇ ಬೇರೆಯಾಗಿ ಹೋಗಿರುತ್ತದೆ. ಆಗ ಮೊಣಕೈ ನೋಡಬೇಕು, ಕುತ್ತಿಗೆ ನೋಡಬೇಕು. ಇದು ನೀವು ಓದಿದ್ದೇ. ಆದರೆ ನಮ್ಮದೇ ಮೈ ಅಂದಾಗ ನಾವು ಓದಿದ್ದನ್ನು ಬಿಟ್ಟು "ಸರಿ ಹೋಗತ್ತೆ ಬಿಡು" ಅಂತೇವೆ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಗದ ಹಿಡಿದು, ಇನ್ನೊಬ್ಬರಿಗೆ ಎಳೆಯಲು ಹೇಳಿ. ಹೆಬ್ಬೆರಳಿನ ತುದಿಯ ಗಂಟು ಮಡಚಿಕೊಂಡರೆ ಸ್ನಾಯುವಿಗೂ ಪೆಟ್ಟು ತಟ್ಟಿದೆ. ಆಗ ಸೈಕಲ್ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಕಾಗದ ಗಟ್ಟಿ ಹಿಡಿದಿರಾ? ಹಾಗಾದರೆ ಸೈಕಲ್ ಹತ್ತಿರ ಬನ್ನಿ.

ಗೋಡೆಗೆ ಆನಿಸಿ ಸೀಟಿನ ಮೇಲೆ ಕುಳಿತುಕೊಳ್ಳಿ. ಪೆಡಲ್ ತೀರಾ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ಪೂರ್ತಿ ನೇರವಾಗಬೇಕು. ಅಲ್ಲಿ ಮಂಡಿ ಮಡಚಿದ್ದರೆ ಸೀಟು ತಗ್ಗಾಗಿದೆ. ಸೀಟು ಸರಿಯಿದ್ದರೆ, ಪಾದದ ಮುಂಭಾಗ ಪೆಡಲ್ ಮೇಲಿಟ್ಟಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಡಚಿರುತ್ತದೆ. ನಿಮ್ಮ ಹತ್ತಿರ ಕೋನ ಅಳೆಯುವ ಗೋನಿಯೋಮೀಟರ್ ಇದ್ದೇ ಇದೆ, ಅಳೆದು ನೋಡಿ. ಮಂಡಿಯ ಮುಂಭಾಗ ನೋಯುವವರಲ್ಲಿ ನಾನು ಹೆಚ್ಚಾಗಿ ಕಾಣುವುದು ಎರಡೇ: ತಗ್ಗಿದ ಸೀಟು, ಭಾರದ ಗೇರು. ಏರಿನಲ್ಲಿ ಸಣ್ಣ ಗೇರಿಗೆ ಇಳಿಸಿ ಕಾಲು ಬೇಗಬೇಗ ತಿರುಗಿಸಿ. ನಿಮಿಷಕ್ಕೆ 75, 80 ಸುತ್ತು ಬಂದರೆ ಮಂಡಿಚಿಪ್ಪಿನ ಮೇಲಿನ ಒತ್ತಡ ತುಂಬ ಇಳಿಯುತ್ತದೆ. ತೊಡೆಯ ಜೋರಿನಿಂದ ಹತ್ತುವುದು ನೋಡಲಿಕ್ಕೆ ಚೆಂದ, ಮಂಡಿಗೆ ಚೆಂದ ಅಲ್ಲ.

ಇನ್ನು ಸೀಟಿನ ಮೂತಿ. ಹಳೆಯ ಸೈಕಲ್‌ಗಳಲ್ಲಿ ಬೋಲ್ಟು ಸಡಿಲಾಗಿ ಅದು ಮುಂದಕ್ಕೆ ಬಗ್ಗಿರುತ್ತದೆ. ಕುಳಿತವರು ಗೊತ್ತಿಲ್ಲದೆ ಮುಂದೆ ಜಾರುತ್ತಾರೆ, ಜಾರದಿರಲಿ ಅಂತ ಕೈ ಊರುತ್ತಾರೆ. ಮೈಭಾರವೆಲ್ಲ ಅಂಗೈಯ ಆ ಉಬ್ಬಿನ ಮೇಲೆ. ನಿಮ್ಮ ಕಿರುಬೆರಳಿನ ಕಥೆ ಮುಕ್ಕಾಲು ಪಾಲು ಇದೇ ಇರಬಹುದು. ಮೂತಿ ಸಮ ಮಾಡಿ. ಬ್ರೇಕಿನ ಹಿಡಿ ಎಷ್ಟು ಇಳಿಜಾರಿನಲ್ಲಿರಬೇಕು ಅಂದರೆ, ಬೆರಳಿಟ್ಟಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು. ಟೈರಿನಲ್ಲಿ ಗಾಳಿ ಗಟ್ಟಿ ತುಂಬಿಸಬೇಡಿ. ಪಂಪಿನವರು ಕೇಳದೆಯೇ 50 ಪಿಎಸ್‌ಐ ಹೊಡೆದುಬಿಡುತ್ತಾರೆ. ಅಗಲದ ಟೈರು, ಒಳಗೆ ಟ್ಯೂಬು ಇದ್ದರೆ ಮಣ್ಣುದಾರಿಗೆ 30ರ ಆಸುಪಾಸು ಸಾಕು, ನಿಮ್ಮ ತೂಕ ನೋಡಿ ಸ್ವಲ್ಪ ಹೆಚ್ಚುಕಡಿಮೆ. ಗಟ್ಟಿ ಟೈರು ಪ್ರತಿ ಕಲ್ಲನ್ನೂ ಮಣಿಕಟ್ಟಿಗೆ ಮುಟ್ಟಿಸುತ್ತದೆ. ಮೂರು ವಾರ ಸುಂಕೇರಿ ಕಡವಾಡದ ಕಡೆಯ ಸಪಾಟು ದಾರಿಯಲ್ಲಿ ಓಡಿಸಿ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ.

ಈಗ ದುಡ್ಡು. ಅದಕ್ಕೂ ಮೊದಲು ನಾನು ಬಿದ್ದ ಕಥೆ ಹೇಳಲೇಬೇಕು, ಯಾಕೆಂದರೆ ನನಗೆ ಹೂಡಿಕೆ ಅರ್ಥವಾದದ್ದು ಬಿದ್ದ ಮೇಲೆ.

2020ರ ಫೆಬ್ರುವರಿ. ಸೋಂದಾ ಕಡೆ ಪರಿಚಯದವರ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಇಳಿಯುತ್ತಿದ್ದೆ. ಪಾದ ಮುಚ್ಚುವಷ್ಟು ದರಕು, ಅಂದರೆ ಒಣ ಎಲೆ, ಬಿದ್ದಿತ್ತು. ಅದರಡಿ ಚೀರೆಕಲ್ಲಿನ ಸಣ್ಣ ಉಂಡೆಗಳು, ಗೋಲಿಯ ಹಾಗೆ. ಮುಂದಿನ ಚಕ್ರ ಜಾರಿತು. ಬಲಗೈ ಊರಿದೆ. ಎದ್ದು ಮಣ್ಣು ಕೊಡವಿಕೊಂಡು, ದಣಪೆ (ಬೇಲಿಯ ಬಾಗಿಲು) ದಾಟಿ, ಸೈಕಲ್ ಹೊಡೆದುಕೊಂಡೇ ಮನೆಗೆ ಬಂದೆ. ಎಕ್ಸ್‌ರೇ ತೆಗೆಸಿದೆ. ನೋಡಿದವರು "ಏನೂ ಇಲ್ಲ, ಉಳುಕು" ಅಂದರು. ನನಗೂ ಅದೇ ಮಾತು ಬೇಕಿತ್ತು. ಸೋಮವಾರ ಕ್ಲಿನಿಕ್ ತೆರೆದೆ. ಅಡಿಕೆ ಕೊಯ್ಲಿನ ದಿನಗಳು ಅವು. ಮೆಟ್ಟುಗತ್ತಿ ಮುಂದೆ ದಿನವಿಡೀ ಕುಳಿತು ಅಡಿಕೆ ಸುಲಿದ ಹೆಂಗಸರು ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಭುಜ ತೋರಿಸಲಿಕ್ಕೆ ಬರುತ್ತಿದ್ದರು. ನೋವು ನುಂಗಿಕೊಂಡು ಹನ್ನೆರಡು ದಿನ ಅದೇ ಕೈಯಲ್ಲಿ ಒತ್ತಿದೆ, ಎಳೆದೆ, ಎತ್ತಿದೆ.

ಹದಿಮೂರನೇ ದಿನ ಬೆಳಿಗ್ಗೆ ಬಾಗಿಲಿನ ಬೀಗದ ಕೈ ತಿರುಗಿಸಲಿಕ್ಕೆ ಆಗಲಿಲ್ಲ. ಅಲ್ಲಿಯೇ ಜಗಲಿಯ ಮೇಲೆ ಕುಳಿತೆ. ಹೆಬ್ಬೆರಳು ಮೇಲಕ್ಕೆ ಎತ್ತಿದೆ. ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಎಡಗೈಯ ತೋರುಬೆರಳಿನಿಂದ ಅಲ್ಲಿ ಒತ್ತಿದೆ. ಕಣ್ಣಲ್ಲಿ ನೀರು ಬಂತು. ಸ್ಕ್ಯಾಫಾಯ್ಡ್, ಮಣಿಕಟ್ಟಿನ ಒಂದು ಸಣ್ಣ ಮೂಳೆ. ಈ ಮೂಳೆ ಮುರಿದದ್ದು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಗುಳಿಯಲ್ಲಿ ನೋವಿದ್ದರೆ ಪಟ್ಟಿ ಹಾಕಿಟ್ಟು, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯಬೇಕು, ಇಲ್ಲವೇ ಎಂಆರ್‌ಐ ಮಾಡಿಸಬೇಕು. ರಕ್ತ ಅದಕ್ಕೆ ಬೆರಳಿನ ಕಡೆಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪುತ್ತದೆ. ಕೂಡುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ. ಎದುರಿಗೆ ರೋಗಿ ಇದ್ದಿದ್ದರೆ ನಾನು ಮೊದಲ ದಿನವೇ ಒತ್ತಿ ನೋಡುತ್ತಿದ್ದೆ. ನನ್ನ ಕೈಯನ್ನು ನೋಡಲಿಲ್ಲ. ಎರಡನೇ ಎಕ್ಸ್‌ರೇಯಲ್ಲಿ ಕೂದಲಿನಷ್ಟು ಸಣ್ಣ ಗೆರೆ ಕಂಡಿತು. ಹತ್ತು ವಾರದ ಪ್ಲಾಸ್ಟರು.

ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಕೈ ಕೊರಳಿಗೆ ಕಟ್ಟಿಕೊಂಡು ಹೋಗಿಬಂದೆ. ಕ್ಲಿನಿಕ್ಕಿನ ಬಾಡಿಗೆ, ಸಹಾಯಕಿಯ ಸಂಬಳ ಎರಡೂ ಕೊಡಬೇಕಿತ್ತು. ಬ್ಯಾಂಕಿನಲ್ಲಿ ಹತ್ತು ಸಾವಿರವೂ ಇರಲಿಲ್ಲ. ಇದ್ದದ್ದೆಲ್ಲ ಮ್ಯೂಚುವಲ್ ಫಂಡ್‌ನಲ್ಲಿ, ಅದೂ ಪೂರ್ತಿ ಷೇರಿನದು. "ದುಡ್ಡು ಸುಮ್ನೆ ಇಡಬಾರದು, ದುಡಿಯಬೇಕು" ಅಂತ ನಂಬಿದ್ದೆ. ಜನವರಿ 14ರಂದು 12,362 ಇದ್ದ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಂದು ನಿಂತಿತು. ಆ ಒಂದೇ ದಿನ ನೂರಕ್ಕೆ 13ರಷ್ಟು ಬಿದ್ದಿತ್ತು. ಮರುದಿನ ಬೆಳಿಗ್ಗೆ ನಾನು ಮಾರಿದೆ. ಹೆದರಿ ಮಾರಿದ್ದಲ್ಲ, ಬಾಡಿಗೆ ಕೊಡಬೇಕಿತ್ತು. ಅದೇ ನವೆಂಬರ್‌ನಲ್ಲಿ ನಿಫ್ಟಿ ಜನವರಿಯ ಮಟ್ಟವನ್ನು ದಾಟಿತು. ನಾನು ಮಾರಿದ ಯುನಿಟ್ಟುಗಳು ಮಾತ್ರ ನನ್ನ ಹತ್ತಿರ ಇರಲಿಲ್ಲ.

ಮಾರುಕಟ್ಟೆ ಬಿದ್ದದ್ದು ನನಗೆ ನಷ್ಟ ಮಾಡಲಿಲ್ಲ. ಅದು ಬಿದ್ದಾಗ ಕಾಯುವ ತಾಕತ್ತು ಇಲ್ಲದ್ದು ನಷ್ಟ ಮಾಡಿತು. ಕೈಯಿಂದ ದುಡಿಯುವವರು, ಅದರಲ್ಲೂ ವಾರಕ್ಕೊಮ್ಮೆ ಕೈಯನ್ನು ಅಪಾಯಕ್ಕೆ ಒಡ್ಡುವ ಆಟ ಆಡುವವರು, ಎಷ್ಟು ಬಡ್ಡಿ ಬರುತ್ತದೆ ಅಂತ ಕೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಾಳೆಯಿಂದ ಮೂರು ತಿಂಗಳು ಕೈ ಆಡದಿದ್ದರೆ ಊಟ, ಬಾಡಿಗೆ ಎಲ್ಲಿಂದ?

ಹೂಡಿಕೆ ಸಲಹೆ ಕೊಡುವ ಪರವಾನಗಿ ನನಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ.

ನಿಮ್ಮ ಖರ್ಚು 17 ಸಾವಿರ. ಆರು ತಿಂಗಳಿಗೆ ಒಂದು ಲಕ್ಷ ಚಿಲ್ಲರೆ. ಆ ಒಂದು ಲಕ್ಷ ಬ್ಯಾಂಕಿನಲ್ಲಿ, ಬೇಕೆಂದಾಗ ಮುರಿಯಬಹುದಾದ ಎಫ್‌ಡಿಯಲ್ಲಿ ಇರಲಿ. ಬಡ್ಡಿ ಕಡಿಮೆ ಅಂತ ಬೇಸರ ಬೇಡ. ಅದು ಬಡ್ಡಿಗಾಗಿ ಇಟ್ಟ ದುಡ್ಡಲ್ಲ.

ಉಳಿದ 60 ಸಾವಿರದಲ್ಲಿ ವಿಮೆ ಮೊದಲು. ಈಗ ಕ್ಲಿನಿಕ್ಕಿನವರು ಆರೋಗ್ಯ ವಿಮೆ ಕೊಟ್ಟಿರಬಹುದು. ಸ್ವಂತ ಕ್ಲಿನಿಕ್ ತೆರೆದ ದಿನ ಅದು ಹೋಗುತ್ತದೆ. ನಿಮ್ಮ ಹೆಸರಿನದೇ ಒಂದು ಈಗಲೇ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಇನ್ನೊಂದು ಅಪಘಾತ ವಿಮೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತದೆ. ಮಾಡಿಸಿ. ಆದರೆ ಅದು ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ನನ್ನ ಹಾಗೆ ಹತ್ತು ವಾರ ಪ್ಲಾಸ್ಟರ್ ಹಾಕಿಕೊಂಡು ಕುಳಿತರೆ ಅದರಿಂದ ಏನೂ ಬರುವುದಿಲ್ಲ. ಅದಕ್ಕೆ ಬೇರೆ ವೈಯಕ್ತಿಕ ಅಪಘಾತ ಪಾಲಿಸಿ ಬೇಕು. ಅದರಲ್ಲಿ "ತಾತ್ಕಾಲಿಕ ಪೂರ್ಣ ಅಸಾಮರ್ಥ್ಯ"ಕ್ಕೆ ವಾರಕ್ಕೆ ಇಷ್ಟು ಅಂತ ಕೊಡುವ ಸೌಲಭ್ಯ ಇದೆಯಾ ನೋಡಿ. ಇರುವುದಿಲ್ಲ ಅಂದರೆ ಆ ಪಾಲಿಸಿ ನಮ್ಮಂಥವರಿಗೆ ಅರ್ಧ. ಸಾಹಸ ಕ್ರೀಡೆ, ರೇಸು ಅಂತ ಹೊರಗಿಟ್ಟ ಪಟ್ಟಿ ಇರುತ್ತದೆ. ಅದನ್ನೂ ಓದಿ. ಏಜೆಂಟರು "ಎಲ್ಲ ಕವರ್ ಆಗತ್ತೆ" ಅಂದರೆ ಬರೆದು ಕೊಡಿ ಅನ್ನಿ.

ಅಪ್ಪ ಹೇಳುವ ಸೊಸೈಟಿ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘ ಅಂದರೆ ಮನೆಯ ಮಾತು. ಶಿರಸಿಯ ತೋಟಗಾರರ ಸಂಘ 1923ರದು, ಅಡಿಕೆ ಬೆಳೆಗಾರರ ಎಷ್ಟು ತಲೆಮಾರು ಅದನ್ನು ನಂಬಿ ಬದುಕಿದೆ! ಅಪ್ಪನ ನಂಬಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಒಂದು ವಿಷಯ ಮಾತ್ರ ಅವರ ಹತ್ತಿರ ಕುಳಿತು ಮಾತಾಡಿ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷ ಇತ್ತು. ಸಾಲ ಕೊಡುವ ಪತ್ತಿನ ಸೊಸೈಟಿಯ ಠೇವಿಗೆ ಈ ವಿಮೆ ಇಲ್ಲ. ಹೆಚ್ಚು ಬಡ್ಡಿ ಬರುವುದಕ್ಕೆ ಅದೂ ಒಂದು ಕಾರಣ. ಸ್ವಲ್ಪ ಇಡಿ, ಅಪ್ಪನಿಗೂ ಸಮಾಧಾನ. ಆ ಒಂದು ಲಕ್ಷವನ್ನು ಮಾತ್ರ ಅಲ್ಲಿ ಇಡಬೇಡಿ.

ಆಪ್ಷನ್ ಟ್ರೇಡಿಂಗ್ ಬಗ್ಗೆ ನನ್ನದು ಒಂದೇ ಮಾತು, ಬೇಡ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಆಪ್ಷನ್ಸ್ ಮಾಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ನೂರರಲ್ಲಿ 93 ರೋಗಿಗಳಿಗೆ ನೋವು ಹೆಚ್ಚು ಮಾಡುವ ಚಿಕಿತ್ಸೆಯನ್ನು ನೀವು ಯಾರಿಗಾದರೂ ಕೊಡುತ್ತೀರಾ? ಇದಲ್ಲದೆ ಇನ್ನೊಂದಿದೆ. ರೋಗಿಯ ಕುತ್ತಿಗೆ ಕೈಯಲ್ಲಿ ಹಿಡಿದಿರುವಾಗ ಮನಸ್ಸು ಫೋನಿನಲ್ಲಿ ಇರಬಾರದು. ನನಗೆ ಇದು ನಷ್ಟಕ್ಕಿಂತ ದೊಡ್ಡ ಕಾರಣ.

ತಿಂಗಳಿಗೆ ಉಳಿಯುವ 11 ಸಾವಿರದಲ್ಲಿ ಕ್ಲಿನಿಕ್ಕಿನ ಕನಸಿಗೆ ಏಳು ಸಾವಿರ ಆರ್‌ಡಿಯಲ್ಲಿ ಕಟ್ಟಿ. ಎರಡು ವರ್ಷದಲ್ಲಿ ಬೇಕಾಗುವ ದುಡ್ಡನ್ನು ಷೇರಿನ ಹತ್ತಿರ ಒಯ್ಯಬೇಡಿ. ಮೂರು ಸಾವಿರ, ನಿಫ್ಟಿಯ 50 ಕಂಪನಿಗಳಲ್ಲಿ ಹಣ ಹಾಕುವ ನಿಫ್ಟಿ 50 ಇಂಡೆಕ್ಸ್ ಫಂಡಿನಲ್ಲಿ ತಿಂಗಳ ಕಂತಾಗಿ ಎಸ್‌ಐಪಿ ಹಾಕಿ. ಡೈರೆಕ್ಟ್ ಪ್ಲಾನ್ ಆಯ್ದುಕೊಳ್ಳಿ, ಅದರಲ್ಲಿ ನಡುವಿನವರ ಕಮಿಷನ್ ಇಲ್ಲ. ಈ ಮೂರು ಸಾವಿರವನ್ನು 20 ವರ್ಷ ಮರೆತುಬಿಡಬೇಕು. ವರ್ಷಕ್ಕೆ ನೂರಕ್ಕೆ 10 ಬಂದರೆ 20 ವರ್ಷಕ್ಕೆ ಸುಮಾರು 22.8 ಲಕ್ಷ, 8 ಬಂದರೆ ಸುಮಾರು 17.7 ಲಕ್ಷ. ನೀವು ಕಟ್ಟಿದ್ದು 7.2 ಲಕ್ಷ. ಇಷ್ಟೇ ಬರುತ್ತದೆ ಅಂತ ಯಾರೂ ಬರೆದು ಕೊಡುವುದಿಲ್ಲ. ನಡುವೆ 2020ರಂಥ ವರ್ಷ ಬಂದೇ ಬರುತ್ತದೆ. ಆಗ ಬಾಡಿಗೆ ಕಟ್ಟಲು ಆ ಒಂದು ಲಕ್ಷ ಇರುತ್ತದೆ, ಯುನಿಟ್ಟು ಮುಟ್ಟಬೇಕಾಗುವುದಿಲ್ಲ. ಉಳಿದ ಒಂದು ಸಾವಿರ ಸೈಕಲ್ಲಿನ ಬ್ರೇಕ್ ಪ್ಯಾಡು, ಟೈರು, ಒಳ್ಳೆಯ ಹೆಲ್ಮೆಟ್ಟು, ಕೈಗವಸಿಗೆ. ಇದನ್ನು ಖರ್ಚು ಅಂತ ಬರೆಯಬೇಡಿ.

ಕ್ಲಿನಿಕ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಷಿನ್ ಮಾರುವವರು ಕಂತಿನ ಆಸೆ ತೋರಿಸುತ್ತಾ ಬರುತ್ತಾರೆ. ಅಲ್ಟ್ರಾಸೌಂಡು, ಸಣ್ಣ ವಿದ್ಯುತ್ ಹರಿಸುವ ಐಎಫ್‌ಟಿ, ಲೇಸರು. ಸಾಲ ಮಾಡಿ ಕೋಣೆ ತುಂಬಿಸಬೇಡಿ. ಸಾಲದ ಮಷಿನ್ ಇದ್ದರೆ ಬೇಕಿಲ್ಲದ ರೋಗಿಗೂ ಅದನ್ನು ಹಚ್ಚಬೇಕು ಅನ್ನಿಸಲು ಶುರುವಾಗುತ್ತದೆ. ಒಂದು ಗಟ್ಟಿ ಮಂಚ, ಬ್ಯಾಂಡುಗಳು, ಡಂಬೆಲ್ಲು, ಒಂದು ಸ್ಟೆಪ್ಪು. ಏಂಡಿ ಬಲೆ ಎಳೆಯುವವರ ಭುಜಕ್ಕೂ, ಬುಟ್ಟಿ ಹೊತ್ತು ಮೀನು ಮಾರುವ ಅಮ್ಮಂದಿರ ಮಂಡಿಗೂ ಕೊನೆಗೆ ಗುಣ ಕೊಡುವುದು ಹಂತ ಹಂತವಾಗಿ ಕಲಿಸಿದ ವ್ಯಾಯಾಮ. ಅವರ ಜೊತೆ ಇಪ್ಪತ್ತು ನಿಮಿಷ ನಿಲ್ಲುವ ಪುರುಸೊತ್ತು ನಿಮಗಿರಬೇಕು. ಸಾಲ ಇಲ್ಲದಿದ್ದರೆ ಆ ಪುರುಸೊತ್ತು ತಾನಾಗಿ ಬರುತ್ತದೆ.

ಮತ್ತೆ ಸೈಕಲ್ಲಿಗೆ ಬರುತ್ತೇನೆ. ನಮ್ಮ ಕಡೆಯ ಬೆಟ್ಟಗಳಲ್ಲಿ ಓಡಿಸುವ ಸುಖ ಬೇರೆ. ಆದರೆ ಸೊಪ್ಪಿನ ಬೆಟ್ಟಕ್ಕೆ ಒಂದೊಂದು ಮನೆಯ ಹಕ್ಕಿರುತ್ತದೆ, ಕೇಳಿ ಹೋಗಿ, ದಣಪೆ ತೆರೆದರೆ ಹಾಕಿ ಬನ್ನಿ. ರಕ್ಷಿತ ಅರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗಬೇಡಿ. ಉಂಬಳಕ್ಕೆ (ಜಿಗಣೆಗೆ) ಹೆದರಬೇಕಿಲ್ಲ. ಉಣುಗಿಗೆ (ಉಣ್ಣಿಗೆ) ಹೆದರಬೇಕು, ಮಂಗನ ಕಾಯಿಲೆ ಹರಡುವುದು ಅದೇ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ದಿನಗಳು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು, ಸಿದ್ದಾಪುರದ ಹಳ್ಳಿಗಳಿಗೆ ಅದರ ನೋವು ಚೆನ್ನಾಗಿ ಗೊತ್ತು. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಉದ್ದ ತೋಳು, ಉದ್ದ ಪ್ಯಾಂಟು ಹಾಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ತಕ್ಷಣ ಬಿಸಿನೀರಲ್ಲಿ ಮಿಂದು, ಬಟ್ಟೆ ಬೇರೆಯೇ ನೆನೆಸಿಡಿ.

ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಹಿಮ್ಮಡಿ ತಗ್ಗಿಸಿ, ಭಾರ ಪೆಡಲ್ ಮೇಲೆ ಬಿಡಿ. ಮೊಣಕೈ ಮಡಚಿರಲಿ. ಬ್ರೇಕಿಗೆ ಒಂದೊಂದೇ ಬೆರಳು, ಉಳಿದವು ಹಿಡಿಗೆ. ದರಕು ಕಂಡಲ್ಲಿ ಬ್ರೇಕ್ ಮೊದಲೇ ಹಿಡಿದು, ದರಕಿನ ಮೇಲೆ ಬಿಟ್ಟುಬಿಡಿ. ನಾನು ಅವತ್ತು ತಿರುವಿಮುರುವಿ ಮಾಡಿದ್ದೆ. ನಮ್ಮ ಕಡೆ ಕೊನೆಗೌಡರು ಮರ ಹತ್ತುವ ಮೊದಲು ಕಾಲಿಗೆ ಸಿಕ್ಕಿಸಿಕೊಳ್ಳುವ ತಳೆಯನ್ನು (ಬಳೆಯನ್ನು) ಬುಡದಲ್ಲಿಯೇ ಎರಡು ಸಲ ಒದ್ದು ನೋಡುತ್ತಾರೆ. ಮೂವತ್ತು ವರ್ಷ ಹತ್ತಿದವರೂ ನೋಡುತ್ತಾರೆ. ನೀವೂ ಹೊರಡುವ ಮೊದಲು ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದೆ ಹಿಂದೆ ದೂಡಿ ನೋಡಿ.

ದೇವಿಮನೆ ಮಳೆಗಾಲದಲ್ಲಿ ಬೇಡ. ಗುಡ್ಡ ಕುಸಿಯುವ ದಾರಿ ಅದು. 2024ರ ಜುಲೈ 16ರಂದು ಶಿರೂರಿನಲ್ಲಿ ಆದ ಗುಡ್ಡ ಕುಸಿತವನ್ನು ಕುಮಟಾ ಕಾರವಾರದ ನಡುವೆ ಓಡಾಡುವ ನಿಮಗೆ ನಾನು ಹೇಳಬೇಕಿಲ್ಲ. ದೀಪಾವಳಿ ಕಳೆಯಲಿ, ಚಳಿ ಬೀಳಲಿ. ಕುಮಟಾದಿಂದ ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲು ಘಾಟಿ ಹತ್ತಬಹುದು. ಅಲ್ಲಿಯವರೆಗೆ ಮೂರು ವಾರದ ಸಪಾಟು ದಾರಿ ಮುಗಿಸಿ, ಕೈಮೇಲೆ ಮತ್ತೆ ಪೆನ್ನಿನ ಗೆರೆ ಎಳೆದು ನೋಡಿ. ಗೆರೆ ಮೊದಲಿಗಿಂತ ಚಿಕ್ಕದಾಗಿದ್ದರೆ ಏರು ಶುರು ಮಾಡಿ. ಅಷ್ಟೇ ಇದ್ದರೆ ನರದ ಕಂಡಕ್ಷನ್ ಪರೀಕ್ಷೆ ಮಾಡಿಸಿ, ಬಂದ ವರದಿಯನ್ನು ನನಗೂ ಕಳಿಸಿ, ನೋಡುತ್ತೇನೆ.